ಅಂಬರಿನೊಳಗಿನ ಕಣಜ: ಕಂಡದ್ದೆಷ್ಟು, ಊಹಿಸಿದ್ದೆಷ್ಟು?

ಹಳೇಮೈಕ್ರೋಸ್ಕೋಪ್

"ಹೊಟ್ಟೆಯಲ್ಲೇ ಬೋನು ಇಟ್ಟುಕೊಂಡಿದ್ದ ಕಣಜ" ಅಂತ 2025ರ ಮಾರ್ಚಿನಲ್ಲಿ ಒಂದು ಸುದ್ದಿ ಓಡಾಡಿತ್ತು. ನೆನಪಿದೆಯಾ? ಅದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಕಣಜದ ಹೆಸರು ಸೈರೆನೋಬೆಥೈಲಸ್ ಕ್ಯಾರಿಬ್ಡಿಸ್. ಮ್ಯಾನ್ಮಾರಿನ ಕಚಿನ್ ರಾಜ್ಯದ ಅಂಬರಿನಲ್ಲಿ ಸಿಕ್ಕಿದ್ದು. ಅಂಬರ್ ಅಂದರೆ ಮರದ ಅಂಟು ಮಣ್ಣಿನಡಿ ಕೋಟ್ಯಂತರ ವರ್ಷ ಇದ್ದು ಗಟ್ಟಿಯಾದದ್ದು. ಇದರ ವಯಸ್ಸು ಸುಮಾರು 9.9 ಕೋಟಿ ವರ್ಷ. ಡೈನೋಸಾರುಗಳಿದ್ದ ಕಾಲ. ವಿವರಣೆ ಬಂದದ್ದು ಬಿಎಂಸಿ ಬಯಾಲಜಿ ಪತ್ರಿಕೆಯಲ್ಲಿ, ಚೀನಾ ಮತ್ತು ಡೆನ್ಮಾರ್ಕಿನ ಸಂಶೋಧಕರಿಂದ. ಒಟ್ಟು 16 ಮಾದರಿ, ಎಲ್ಲವೂ ಹೆಣ್ಣು. ಈಗಿರುವ ಯಾವ ಕುಟುಂಬಕ್ಕೂ ಹೊಂದದ ಕಾರಣ ಸೈರೆನೋಬೆಥೈಲಿಡೇ ಅಂತ ಹೊಸ ಕುಟುಂಬವನ್ನೇ ಮಾಡಿದ್ದಾರೆ.

ಹೊಟ್ಟೆಯ ತುದಿಯಲ್ಲಿ ಮೂರು ಮುಚ್ಚಳಗಳಿವೆ. ಕೆಳಗಿನದರ ಮೇಲೆ ಬಿರುಸಾದ ಕೂದಲುಗಳು ಎದ್ದು ನಿಂತಿವೆ. ಕೀಟ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್ ಗಿಡದ ಎಲೆ ನೋಡಿದ್ದರೆ ನಿಮಗೆ ತಕ್ಷಣ ಹೊಳೆಯುತ್ತದೆ. ಒಂದು ಮಾದರಿಯಲ್ಲಿ ಮುಚ್ಚಳ ತೆರೆದಿದೆ, ಇನ್ನೊಂದರಲ್ಲಿ ಮುಚ್ಚಿದೆ, ಮತ್ತೊಂದರಲ್ಲಿ ಅರ್ಧ.

ಸುದ್ದಿಪತ್ರಿಕೆಗಳು ಇದನ್ನು "ಬೇಟೆ ಹಿಡಿಯುತ್ತಿತ್ತು" ಅಂತ ಬರೆದು ಮುಗಿಸಿದವು. ಪ್ರಬಂಧ ಅಷ್ಟು ಸಲೀಸಾಗಿ ಹೇಳುವುದಿಲ್ಲ. ಮುಚ್ಚಳ, ಕೂದಲು, ಅವು ಅಲುಗಾಡುತ್ತಿದ್ದವು ಅನ್ನುವುದು ಕಂಡದ್ದು. ಏನನ್ನು ಹಿಡಿಯುತ್ತಿತ್ತು, ಯಾಕೆ ಹಿಡಿಯುತ್ತಿತ್ತು ಅನ್ನುವುದು ಊಹೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಅನ್ನುವುದೇ ನನಗೆ ಆಸಕ್ತಿ.

ತೋಟದಮನೆ

ನಾನು ತಿಪಟೂರು ಕಡೆಯ ತೆಂಗಿನ ಬೆಳೆಗಾರ. ಹೆಸರಿನಲ್ಲಿ "ಬೆಥೈಲಸ್" ನೋಡಿ ಒಳಗೆ ಬಂದೆ. ತೆಂಗಿಗೆ ಕಪ್ಪುತಲೆ ಹುಳು ಬಿದ್ದಾಗ ನಾವು ಗೋನಿಯೋಜಸ್ ಪರೋಪಜೀವಿ ತಂದು ಬಿಡುತ್ತೇವೆ. ಅದೂ ಬೆಥೈಲಿಡ್, ಅಂದರೆ ಬೆಥೈಲಿಡೇ ಕುಟುಂಬದ ಕಣಜ, ಅಂತ ತರಬೇತಿಯಲ್ಲಿ ಹೇಳಿದ್ದರು. ಇರುವೆ ಥರದ ಸಣ್ಣ ಕಪ್ಪು ಕಣಜ. ಗರಿಯ ಕೆಳಗೆ ಹುಳು ಕಟ್ಟಿಕೊಂಡ ಹಿಕ್ಕೆಯ ಗೂಡಿನೊಳಗೆ ನುಗ್ಗುತ್ತದೆ. ಹುಳುವಿಗೆ ಚುಚ್ಚಿ ಅಲ್ಲಾಡದ ಹಾಗೆ ಮಾಡಿ, ಮೈಮೇಲೆ ಮೊಟ್ಟೆ ಇಡುತ್ತದೆ. ಮರಿಗಳು ಆಗುವ ತನಕ ತಾಯಿ ಅಲ್ಲೇ ಕಾವಲು ಕೂರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಚುಚ್ಚಿದರೆ ಹುಳು ಹೇಗೂ ಮಲಗುತ್ತದೆ. ಹಾಗಿರುವಾಗ ಹೊಟ್ಟೆಯ ತುದಿಯಲ್ಲಿ ಹಿಡಿಯುವ ಉಪಕರಣ ಯಾತಕ್ಕೆ?

ಹಳೇಮೈಕ್ರೋಸ್ಕೋಪ್

ತೋಟದಮನೆ ಅವರೇ, ಪ್ರಬಂಧದ ವಾದವೇ ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ.

ಪರೋಪಜೀವಿ ಕಣಜಗಳಲ್ಲಿ ಎರಡು ದಾರಿ ಇವೆ. ಒಂದು ನಿಮ್ಮ ಗೋನಿಯೋಜಸ್ ದಾರಿ. ಹುಳುವನ್ನು ಅಲ್ಲೇ ಮಲಗಿಸಿಬಿಡುವುದು, ಆಮೇಲೆ ಅದು ಬೆಳೆಯುವುದಿಲ್ಲ. ಇನ್ನೊಂದರಲ್ಲಿ ಮೊಟ್ಟೆ ಇಟ್ಟು ಆಶ್ರಯ ಕೊಡುವ ಕೀಟವನ್ನು ಬಿಟ್ಟುಬಿಡುತ್ತದೆ. ಅದು ತಿಂದುಂಡು ಓಡಾಡಿಕೊಂಡಿರುತ್ತದೆ, ಒಳಗೆ ಕಣಜದ ಮರಿ ಬೆಳೆಯುತ್ತಿರುತ್ತದೆ. ಎರಡನೇ ದಾರಿಯವರಿಗೆ ಆ ಕೀಟ ಜೀವಂತವಾಗಿ, ಚುರುಕಾಗಿ ಇರಬೇಕು. ಮೊಟ್ಟೆ ಇಡುವ ಒಂದು ಗಳಿಗೆ ಮಾತ್ರ ಅದು ಒದ್ದಾಡಬಾರದು.

ಭತ್ತದ ಗದ್ದೆಯಲ್ಲಿ ಇದಕ್ಕೆ ಉದಾಹರಣೆ ಇದೆ. ಡ್ರೈನಿಡ್ ಅನ್ನುವ ಕಣಜಗಳು ಜಿಗಿಹುಳುಗಳ ಮೇಲೆ ಬರುತ್ತವೆ. ಅವುಗಳಲ್ಲಿ ಬಹುಪಾಲು ಹೆಣ್ಣಿನ ಮುಂಗಾಲಿನ ತುದಿ ಇಕ್ಕಳ ಆಗಿರುತ್ತದೆ. ಇಕ್ಕಳದಲ್ಲಿ ಜಿಗಿಹುಳುವನ್ನು ಹಿಡಿದು, ಚುಚ್ಚಿ, ಮೊಟ್ಟೆ ಇಟ್ಟು ಬಿಟ್ಟುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಜಿಗಿಹುಳು ಎದ್ದು ಹೋಗುತ್ತದೆ. ಡ್ರೈನಿಡ್, ಬೆಥೈಲಿಡ್, ಸೈರೆನೋಬೆಥೈಲಸ್ ಮೂರೂ ಕ್ರಿಸಿಡಾಯ್ಡಿಯಾ ಅನ್ನುವ ಒಂದೇ ದೊಡ್ಡ ಗುಂಪಿಗೆ ಸೇರಿದವು. ಡ್ರೈನಿಡ್ ಮುಂದಿನಿಂದ ಹಿಡಿಯುತ್ತದೆ, ಇದು ಹಿಂದಿನಿಂದ ಹಿಡಿಯುತ್ತಿತ್ತು ಅನ್ನುವುದು ಸಂಶೋಧಕರ ಊಹೆ. ಹಿಡಿದದ್ದು ತಿನ್ನುವುದಕ್ಕಲ್ಲ, ಮೊಟ್ಟೆ ಇಡುವುದಕ್ಕೆ. ಸುದ್ದಿಗಳು ತಪ್ಪಿದ್ದು ಮುಖ್ಯವಾಗಿ ಇಲ್ಲೇ.

ಜೇಡರಬಲೆ

ಊಹೆ ಚೆನ್ನಾಗಿದೆ. ಆದರೆ ಇನ್ನೂ ಹಿಂದಕ್ಕೆ ಹೋಗಿ ಕೇಳುತ್ತೇನೆ. ಆ ಮುಚ್ಚಳ ನಿಜವಾದ ಅಂಗ ಅಂತ ಹೇಗೆ ಗೊತ್ತು? ಅಂಟು ಒಣಗುವಾಗ ಮೈ ಹಿಂಡಿಹೋಗುತ್ತದೆ. ಮಣ್ಣಿನ ಒತ್ತಡಕ್ಕೆ ಅಂಬರ್ ತುಂಡೇ ಚಪ್ಪಟೆಯಾಗುತ್ತದೆ. ಕೊಳೆತ ಹೊಟ್ಟೆಯಿಂದ ಗುಳ್ಳೆ ಎದ್ದು ಹುಳುವಿನ ಆಕಾರ ಕೆಡುತ್ತದೆ. ಒಂದು ಕಾಲು ಕಳಚಿ ಬೇರೆ ಕಡೆ ಅಂಟಿಕೊಂಡರೂ ಹೊಸ ಅಂಗದ ಹಾಗೆ ಕಾಣಬಹುದು.

ಹಳೇಮೈಕ್ರೋಸ್ಕೋಪ್

ಒಂದೇ ಮಾದರಿ ಆಗಿದ್ದರೆ ನಿಮ್ಮ ಅನುಮಾನದ ಪರವಾಗಿ ನಾನೂ ನಿಲ್ಲುತ್ತಿದ್ದೆ. 16ರಲ್ಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ, ಎಡಬಲ ಸಮವಾಗಿ ಇದ್ದರೆ ಅದು ಒತ್ತಡದ ಕೆಲಸ ಅಲ್ಲ. ಬೇರೆ ಬೇರೆ ಕೋನದಲ್ಲಿ ತೆರೆದಿರುವುದು ಇನ್ನೊಂದು ಸಾಕ್ಷಿ. ಅಲ್ಲೊಂದು ಕೀಲು ಇತ್ತು ಅಂತಾಯಿತು.

ನೋಡುವ ವಿಧಾನದ ಬಗ್ಗೆಯೂ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನಕ್ಕೆ ಇದು ಗೊತ್ತಿಲ್ಲ. ಗಣಿಯಿಂದ ಬಂದ ಅಂಬರ್ ಮೇಲ್ಮೈ ಒರಟು, ಮಬ್ಬು. ಒಳಗೆ ಕಪ್ಪು ಚುಕ್ಕೆ ಇದೆ ಅಂತ ಮಾತ್ರ ತಿಳಿಯುತ್ತದೆ. ತುಂಡನ್ನು ಕತ್ತರಿಸಿ, ನೀರು ಹಾಕಿಕೊಂಡು ಸ್ಯಾಂಡ್‌ಪೇಪರಿನಲ್ಲಿ ತಿಕ್ಕುತ್ತಾರೆ. ದೊರಗು ಕಾಗದದಿಂದ ನಯ ಕಾಗದಕ್ಕೆ, ಕೊನೆಗೆ ಪಾಲಿಶ್. ಕಣಜದ ಬೆನ್ನಿಗೆ ಒಂದು ಸಮತಟ್ಟು ಕಿಟಕಿ, ಪಕ್ಕಕ್ಕೆ ಇನ್ನೊಂದು. ಹುಳುವಿಗೆ ಎಷ್ಟು ಹತ್ತಿರ ಹೋದರೆ ಅಷ್ಟು ಚೆನ್ನಾಗಿ ಕಾಣುತ್ತದೆ. ಕೂದಲೆಳೆ ಜಾಸ್ತಿ ತಿಕ್ಕಿದರೆ ಮೀಸೆಯ ತುದಿ ಪುಡಿಯಾಗಿ ನೀರಿನ ಜೊತೆ ಹೋಗುತ್ತದೆ. ತಿಕ್ಕುವುದು, ಒರೆಸುವುದು, ಲೆನ್ಸಿನಡಿ ನೋಡುವುದು, ಮತ್ತೆ ತಿಕ್ಕುವುದು. ಬಿರುಕು ಬಿಡುವ ತುಂಡಾದರೆ ಮೊದಲೇ ಎಪಾಕ್ಸಿಯಲ್ಲಿ ಮುಳುಗಿಸಿ ಗಟ್ಟಿ ಮಾಡಿಕೊಳ್ಳುತ್ತಾರೆ.

ಆಮೇಲೆ ಬೆಳಕಿನ ತಾಪತ್ರಯ. ಅಂಬರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ, ಸುಮಾರು 1.54. ಗಾಳಿಗೂ ಅದಕ್ಕೂ ಬಹಳ ಅಂತರ. ಅದಕ್ಕೇ ಡೊಂಕು ಮೇಲ್ಮೈ ಮೂಲಕ ನೋಡಿದರೆ ಕಣಜ ಸೊಟ್ಟಗೆ ಕಾಣುತ್ತದೆ. ಗ್ಲಿಸರಿನ್ ಅಥವಾ ಎಣ್ಣೆಯ ಹನಿ ಹಾಕಿ ಮೇಲೆ ಗಾಜಿನ ತೆಳು ಬಿಲ್ಲೆ ಇಟ್ಟರೆ ಆ ಅಂತರ ಕಡಿಮೆಯಾಗುತ್ತದೆ. ಫೋಟೋ ಒಂದೇ ಸಲಕ್ಕೆ ಬರುವುದಿಲ್ಲ. ಫೋಕಸನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹತ್ತಾರು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಬೇಕು.

ಅಷ್ಟಾದರೂ ಕಾಣದ ಭಾಗಕ್ಕೆ ಮೈಕ್ರೋ ಸಿಟಿ ಸ್ಕ್ಯಾನ್ ಇದೆ, ಎಕ್ಸ್‌ರೇಯಿಂದ ಒಳಗಿನ ಆಕಾರ ತೋರಿಸುವುದು. ಸೈರೆನೋಬೆಥೈಲಸ್‌ಗೂ ಅದನ್ನು ಬಳಸಿದ್ದಾರೆ. ಫ್ರಾನ್ಸಿನ ಗ್ರೆನೋಬಲ್ ಸಿಂಕ್ರೋಟ್ರಾನಿನಲ್ಲಿ (ಬಹಳ ತೀಕ್ಷ್ಣ ಎಕ್ಸ್‌ರೇ ಹೊರಡಿಸುವ ದೊಡ್ಡ ಯಂತ್ರ) 2008ರಲ್ಲಿ ಇನ್ನೂ ದೊಡ್ಡ ಕೆಲಸ ನಡೆಯಿತು. ಶಾರಾಂತ್ ಪ್ರದೇಶದ ಅಂಬರ್ ಬೆಳಕೇ ಹಾಯದಷ್ಟು ಕಪ್ಪು. ಅಂಥ 640 ತುಂಡುಗಳಿಗೆ ಎಕ್ಸ್‌ರೇ ಹಾಯಿಸಿದಾಗ 356 ಪ್ರಾಣಿಗಳು ಸಿಕ್ಕವು. ಹೊರಗಿನಿಂದ ನೋಡಿದರೆ ಕಲ್ಲಿದ್ದಲು ಚೂರು, ಅಷ್ಟೇ.

ಕಡಲೆಬೀಜ

ಕೈಯಲ್ಲಿ ಹಿಡಿಯುವುದೂ ಕಷ್ಟದ ಕೆಲಸವೇ. ನ್ಯೂಜೆರ್ಸಿಯ ಅಂಬರಿನಲ್ಲಿ ಸಿಕ್ಕ ಸ್ಫೆಕೋಮಿರ್ಮಾ ಅನ್ನುವ ಇರುವೆಯ ಕಥೆ ಗೊತ್ತಲ್ಲ? ಕಣಜಕ್ಕೂ ಇರುವೆಗೂ ನಡುವಿನ ರೂಪ, 1967ರಲ್ಲಿ ಹೆಸರಿಟ್ಟದ್ದು. ಆ ತುಂಡು ಕೈಗೆ ಬಂದಾಗ ಇರುವೆ ತಜ್ಞ ಎಡ್ವರ್ಡ್ ವಿಲ್ಸನ್ ಅದನ್ನು ನೆಲಕ್ಕೆ ಬೀಳಿಸಿದರಂತೆ. ತುಂಡು ಎರಡಾಯಿತು. ಒಳಗೆ ಎರಡು ಇರುವೆ ಇದ್ದವು. ಅದೃಷ್ಟಕ್ಕೆ ಒಂದೊಂದು ಚೂರಿನಲ್ಲಿ ಒಂದೊಂದು, ಎರಡೂ ಸುರಕ್ಷಿತ. ನಮ್ಮಂಥವರು ಬೀಳಿಸಿದ್ದರೆ ಇರುವೆಯ ನಡುವೆಯೇ ಒಡೆಯುತ್ತಿತ್ತು ಬಿಡಿ.

ನೀಲಿಶಾಯಿ

ನನಗೆ ಬರವಣಿಗೆ ಕಡೆಯ ಪ್ರಶ್ನೆ. "ವಿವರಿಸುವುದು" ಅಂದರೆ ಪ್ರಬಂಧದಲ್ಲಿ ಕೂತು ಏನು ಬರೆಯುತ್ತಾರೆ? ಹೆಸರಿಟ್ಟು ಫೋಟೋ ಹಾಕಿದರೆ ಸಾಲದಾ?

ಹಳೇಮೈಕ್ರೋಸ್ಕೋಪ್

ಸಾಲದು ಮೇಡಂ. ಓದುವುದಕ್ಕೆ ಅದರಷ್ಟು ಒಣ ಬರಹ ಇನ್ನೊಂದಿಲ್ಲ, ಬೇಕಾಗಿಯೇ ಹಾಗೆ ಬರೆಯುತ್ತಾರೆ. ಮೀಸೆಯಲ್ಲಿ ಎಷ್ಟು ಗಿಣ್ಣು, ಮೊದಲ ಗಿಣ್ಣು ಎರಡನೆಯದಕ್ಕಿಂತ ಎಷ್ಟು ಉದ್ದ, ಕಣ್ಣಿನ ಒಳ ಅಂಚಿನಲ್ಲಿ ಕಚ್ಚು ಇದೆಯಾ, ಮುಂಗಾಲಿನ ಮುಳ್ಳು ಒಂದೋ ಎರಡೋ, ಹೀಗೆ. ಕಣಜಗಳಿಗೆ ಎಲ್ಲಕ್ಕಿಂತ ಮುಖ್ಯ ರೆಕ್ಕೆಯ ನರಗಳು. ಯಾವ ನರ ಎಲ್ಲಿ ಹುಟ್ಟಿ ಎಲ್ಲಿ ಕೂಡುತ್ತದೆ, ಅವುಗಳ ನಡುವೆ ಎಷ್ಟು ಕೋಣೆಗಳಾಗಿವೆ ಅನ್ನುವುದನ್ನು ಗೆರೆಚಿತ್ರ ಬಿಡಿಸಿ ತೋರಿಸುತ್ತಾರೆ. ಕುಟುಂಬ ಯಾವುದು ಅಂತ ಹೇಳುವಾಗ ಬಹಳ ಸಲ ರೆಕ್ಕೆಯೇ ತೀರ್ಪು ಕೊಡುತ್ತದೆ.

ಇದಕ್ಕೆ ಮುಂಚೆ "ಗುರುತು" ಅನ್ನುವ ಚಿಕ್ಕ ಭಾಗ ಇರುತ್ತದೆ. ಹತ್ತಿರದ ಸಂಬಂಧಿಗಳಿಂದ ಇದು ಯಾವುದರಲ್ಲಿ ಬೇರೆ ಅನ್ನುವುದನ್ನು ಅಲ್ಲಿ ಹೇಳಲೇಬೇಕು. ನನ್ನ ಮಟ್ಟಿಗೆ ಪ್ರಬಂಧದ ಜೀವ ಇರುವುದು ಆ ನಾಲ್ಕು ಸಾಲಿನಲ್ಲಿ.

ಇನ್ನೊಂದು, ಹೋಲೋಟೈಪ್. ಹೆಸರು ನಿಲ್ಲುವುದು ಒಂದೇ ಒಂದು ಮಾದರಿಯ ಮೇಲೆ. ಉಳಿದವು ಪ್ಯಾರಾಟೈಪ್. ಅದು ಯಾವ ಸಂಗ್ರಹದಲ್ಲಿದೆ, ಸಂಖ್ಯೆ ಏನು ಅಂತ ಬರೆಯಬೇಕು. ನಾಳೆ ಯಾರಿಗಾದರೂ ಅನುಮಾನ ಬಂದರೆ ಹೋಗಿ ಅದನ್ನೇ ನೋಡಬೇಕಲ್ಲ. ಆನ್‌ಲೈನ್ ಪತ್ರಿಕೆಯಲ್ಲಷ್ಟೇ ಬರುವ ಹೆಸರಾದರೆ 2012ರಿಂದ ಜೂಬ್ಯಾಂಕ್ ಅನ್ನುವ ಪ್ರಾಣಿ ಹೆಸರುಗಳ ದಾಖಲೆಯಲ್ಲಿ ನೋಂದಣಿಯೂ ಬೇಕು.

ಜೇಡರಬಲೆ

"ಹೋಗಿ ನೋಡಬೇಕಲ್ಲ" ಅನ್ನುವ ಮಾತು ಎಷ್ಟು ಮುಖ್ಯ ಅನ್ನುವುದಕ್ಕೆ ಮೆಲಿಟೋಸ್ಫೆಕ್ಸ್ ಸಾಕು. ಅದೂ ಕಚಿನ್ ಅಂಬರಿನದ್ದೇ. 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಜಾರ್ಜ್ ಪೊಯ್ನಾರ್ ಮತ್ತು ಬ್ರಯಾನ್ ಡ್ಯಾನ್‌ಫೋರ್ತ್ ಅದನ್ನು ಅತ್ಯಂತ ಹಳೆಯ ಜೇನು ಅಂತ ಪ್ರಕಟಿಸಿದರು. ಕವಲೊಡೆದ ಕೂದಲು ಇತ್ತು, ಅದು ಜೇನಿನ ಲಕ್ಷಣ. ಜೊತೆಗೆ ಕಣಜದ ಲಕ್ಷಣಗಳೂ ಇದ್ದವು. ಆಮೇಲೆ ಬೇರೆಯವರು ಲಕ್ಷಣಗಳನ್ನು ಮತ್ತೆ ತೂಗಿ ನೋಡಿ, ಇದು ಜೇನಲ್ಲ, ಕಣಜಗಳ ಸಾಲಿಗೇ ಸೇರುತ್ತದೆ ಅಂದರು. ಹೆಸರು ಮಾತ್ರ ಬದಲಾಗಲಿಲ್ಲ. ಹುಳು ಇದ್ದಲ್ಲೇ ಇದೆ, ವರ್ಗೀಕರಣದಲ್ಲಿ ಅದರ ಜಾಗ ಬದಲಾಯಿತು.

ಇದೇ ಪೊಯ್ನಾರ್, ರಾನ್ ಬಕ್ಲಿ ಜೊತೆ 2012ರಲ್ಲಿ ಇನ್ನೊಂದು ತುಂಡು ತೋರಿಸಿದರು. ಜೇಡ, ಅದರ ಮುಂದೆ ಬಲೆಗೆ ಬಿದ್ದ ಪುಟ್ಟ ಪರೋಪಜೀವಿ ಕಣಜ. ಬಲೆಯ ಕನಿಷ್ಠ 15 ಎಳೆ ಹಾಗೇ ಉಳಿದಿವೆ. ಜೇಡ ದಾಳಿ ಮಾಡುತ್ತಿರುವ ಗಳಿಗೆ ಅಂತ ಅವರು ಓದಿದರು. ನನ್ನ ಅಡ್ಡಹೆಸರಿನ ಮೋಹದಿಂದಲೋ ಏನೋ, ಅದನ್ನು ನಾನೂ ನಂಬುತ್ತೇನೆ. ಎಳೆಗಳು ಕಣ್ಣಿಗೆ ಕಾಣುತ್ತವೆ, ಕಣಜ ಅದರಲ್ಲೇ ಇದೆ. ಆದರೂ "ದಾಳಿ" ಅನ್ನುವ ಪದ ನಮ್ಮದು.

ಕಡಲೆಬೀಜ

ಅದೇ ಬರ್ಮಾ ಅಂಬರಿನ ಇನ್ನೊಂದು ಕಣಜ, ಆಪ್ಟೆನೋಪೆರಿಸಸ್ ಬಿಟ್ಟರೆ ಹೇಗೆ! ರೆಕ್ಕೆಯೇ ಇಲ್ಲ. ಹಿಂಗಾಲು ಮಿಡತೆಯದು, ಮೀಸೆ ಇರುವೆಯದು, ಹೊಟ್ಟೆ ಜಿರಳೆಯದು ಅನ್ನುವಂತಿದೆ. ಅದಕ್ಕೂ 2017ರಲ್ಲಿ ಹೊಸ ಕುಟುಂಬವೇ ಮಾಡಬೇಕಾಯಿತು. ಹಳೇಮೈಕ್ರೋಸ್ಕೋಪ್ ಅವರ "ರೆಕ್ಕೆ ತೀರ್ಪು ಕೊಡುತ್ತದೆ" ಅನ್ನುವುದು ಇಂಥ ಕಡೆ ಕೈಕೊಡುತ್ತದೆ ಅಲ್ವಾ?

ಪೇಟೆಬೀದಿ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಆನ್‌ಲೈನಿನಲ್ಲಿ "ಬರ್ಮಾ ಅಂಬರ್, ಒಳಗೆ ಕಣಜ" ಅಂತ ಮಾರುತ್ತಿದ್ದಾರೆ. ಒಂದು ಕೊಳ್ಳೋಣ ಅಂತಿದ್ದೇನೆ. ನಿಜವೋ ಸುಳ್ಳೋ ಹೇಗೆ ನೋಡುವುದು?

ಕಡಲೆಬೀಜ

ಕಣಜ ದೊಡ್ಡದಾಗಿ, ತುಂಡಿನ ಸರಿ ಮಧ್ಯದಲ್ಲಿ, ಎರಡು ರೆಕ್ಕೆ ನೀಟಾಗಿ ಬಿಚ್ಚಿಕೊಂಡು ಕೂತಿದ್ದರೆ ಮೊದಲೇ ಅನುಮಾನಪಡಿ. ನೀರಿಗೆ ಉಪ್ಪು ಕರಗುವಷ್ಟು ಕರಗಿಸಿ ತುಂಡು ಹಾಕಿ. ಅಂಬರ್ ತೇಲುತ್ತದೆ, ಬಹಳಷ್ಟು ಪ್ಲಾಸ್ಟಿಕ್ ಮುಳುಗುತ್ತದೆ. ನೇರಳಾತೀತ ಟಾರ್ಚ್ ಹಿಡಿದರೆ ಅಂಬರ್ ಸಾಮಾನ್ಯವಾಗಿ ನೀಲಿಯಾಗಿ ಹೊಳೆಯುತ್ತದೆ. ಒಂದು ಹನಿ ಅಸಿಟೋನ್ ಹಾಕಿ ಮುಟ್ಟಿದಾಗ ಅಂಟಂಟಾದರೆ ಅದು ಕೋಪಲ್, ಅಂದರೆ ಇನ್ನೂ ಎಳೆಯ ಅಂಟು. ಕಾಯಿಸಿದ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ತುಂಡು ಹಾಳಾಗುತ್ತದೆ.

ಜೇಡರಬಲೆ

ನಿಜ ಅಂತ ಗೊತ್ತಾದರೂ ಕೊಳ್ಳಬೇಡಿ ಅನ್ನುವುದು ನನ್ನ ಮಾತು. ಆ ಅಂಬರ್ ಬರುವುದು ಕಚಿನ್ ರಾಜ್ಯದ ಹುಕಾಂಗ್ ಕಣಿವೆಯಿಂದ. ಕಚಿನ್ ಪಡೆಗಳಿಗೂ ಮ್ಯಾನ್ಮಾರ್ ಸೇನೆಗೂ ಅಲ್ಲಿ ಜಗಳ ಹಳೆಯದು. 2017ರ ಜೂನ್ ಹೊತ್ತಿಗೆ ಗಣಿ ಪ್ರದೇಶವನ್ನು ಸೇನೆ ವಶಪಡಿಸಿಕೊಂಡಿತು. ಸಾವಿರಾರು ಜನ ಊರು ಬಿಟ್ಟರು. ಗಣಿ ಅಂದರೆ ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲದ ಆಳದ ಗುಂಡಿ. ಅಲ್ಲಿಂದ ತುಂಡುಗಳು ಗಡಿ ದಾಟಿ ಚೀನಾದ ಯುನ್ನಾನಿನ ತೆಂಗ್‌ಚೊಂಗ್ ಮಾರುಕಟ್ಟೆಗೆ ಹೋಗುತ್ತವೆ. ಮ್ಯಾನ್ಮಾರಿನಿಂದ ಪಳೆಯುಳಿಕೆ ಹೊರಗೆ ಒಯ್ಯುವುದಕ್ಕೆ ನಿರ್ಬಂಧ ಇದೆ, ಆದರೆ ಅಂಬರ್ ಹರಳಿನ ಲೆಕ್ಕದಲ್ಲಿ ಹೋಗಿಬಿಡುತ್ತದೆ. 2020ರ ಏಪ್ರಿಲಿನಲ್ಲಿ ಅಮೆರಿಕದ ಕಶೇರುಕ ಪಳೆಯುಳಿಕೆ ತಜ್ಞರ ಸಂಘ ವಿಜ್ಞಾನ ಪತ್ರಿಕೆಗಳ ಸಂಪಾದಕರಿಗೆ ಕಾಗದ ಬರೆದು, 2017ರ ನಂತರ ಕೈಗೆ ಬಂದ ಬರ್ಮಾ ಅಂಬರಿನ ಮೇಲಿನ ಪ್ರಬಂಧ ಹಾಕಬೇಡಿ ಅಂತ ಕೇಳಿತು.

ಹಳೇಮೈಕ್ರೋಸ್ಕೋಪ್

ಕೊಳ್ಳಬೇಡಿ ಅನ್ನುವುದಕ್ಕೆ ನನ್ನ ಸಹಮತ ಪೂರ್ತಿ. ಪ್ರಕಟಿಸಬೇಡಿ ಅನ್ನುವುದಕ್ಕೆ ಅಷ್ಟಿಲ್ಲ. ಆ ಕಾಗದಕ್ಕೆ ಕೀಟ ಕಡೆಯ ಹಲವರು ಆಗಲೇ ತಕರಾರು ಎತ್ತಿದ್ದರು. ಸ್ವಿನ್‌ಹೋ ಎಂಬವರು ಕಳಿಸಿದ ತುಂಡುಗಳನ್ನು ನೋಡಿ ಕೀಟತಜ್ಞ ಕಾಕರೆಲ್ 1916ರಿಂದಲೇ ಬರ್ಮಾ ಅಂಬರಿನ ಕೀಟಗಳನ್ನು ವಿವರಿಸಿದ್ದಾರೆ. ಆ ತುಂಡುಗಳು ಲಂಡನ್ನಿನ ಮ್ಯೂಸಿಯಮ್ಮಿನಲ್ಲಿವೆ. ಸೈರೆನೋಬೆಥೈಲಸ್ ಮಾದರಿಗಳನ್ನು ಸಂಗ್ರಾಹಕರೊಬ್ಬರು ಬೀಜಿಂಗಿನ ಕ್ಯಾಪಿಟಲ್ ನಾರ್ಮಲ್ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದಾರೆ. ಡ್ರಾಯರಿನಲ್ಲಿ ಇರುವುದನ್ನು ನೋಡದೆ ಬಿಟ್ಟರೆ ಯಾರಿಗೆ ನ್ಯಾಯ ಸಿಕ್ಕಿತು?

ಜೇಡರಬಲೆ

ಡ್ರಾಯರಿಗೆ ಬಂದದ್ದು ಹೇಗೆ ಅಂತ ಕೇಳದಿದ್ದರೆ ಡ್ರಾಯರ್ ತುಂಬುತ್ತಲೇ ಇರುತ್ತದೆ ಸರ್. ಯಾವ ವರ್ಷ, ಯಾವ ಗಣಿ, ಯಾರ ಕೈಯಿಂದ ಬಂತು ಅಂತ ವಿವರಣೆಯಲ್ಲೇ ಬರೆಯುವುದು ಕಡ್ಡಾಯ ಆಗಲಿ. ಮೀಸೆಯ ಗಿಣ್ಣು ಎಣಿಸುವವರಿಗೆ ಇದು ಕಷ್ಟವಾ? ಹೊಸ ಪ್ರಭೇದಕ್ಕೆ ಬೆಲೆ ಇದೆ ಅಂತ ಗೊತ್ತಾದ ದಿನವೇ ವ್ಯಾಪಾರಿ ಲೆನ್ಸ್ ಕೊಳ್ಳುತ್ತಾನೆ.

ಹಳೇಮೈಕ್ರೋಸ್ಕೋಪ್

ಅದು ಕಡ್ಡಾಯ ಆಗಲಿ. ಅಷ್ಟರ ಮಟ್ಟಿಗೆ ಒಪ್ಪಿದೆ.

ಪುತ್ತೂರುಕಾಡು

ನಮ್ಮ ಕಡೆ ಸಾಲುಧೂಪದ ಮರಗಳಿವೆ. ಗಾಯ ಮಾಡಿದರೆ ಬಿಳಿ ಮಡ್ಡಿ ಸುರಿಯುತ್ತದೆ, ದೇವಸ್ಥಾನಕ್ಕೆ ಕೊಡುತ್ತೇವೆ. ಅದರಲ್ಲಿ ಇರುವೆ, ಸಣ್ಣ ಕಣಜ, ಜೇಡ ಎಲ್ಲಾ ಸಿಕ್ಕಿಕೊಂಡಿರುತ್ತವೆ. ಇದೂ ಮುಂದೆ ಅಂಬರ್ ಆಗುತ್ತದಾ?

ಹಳೇಮೈಕ್ರೋಸ್ಕೋಪ್

ಮರದಲ್ಲೇ ಇದ್ದರೆ ಇಲ್ಲ. ಬಿಸಿಲು, ಮಳೆಗೆ ಪುಡಿಯಾಗಿ ಹೋಗುತ್ತದೆ. ಗಾಳಿ ಆಡದ ಕೆಸರಿನಡಿ ಬೇಗ ಹೂತುಹೋಗಬೇಕು. ಆಮೇಲೆ ಒತ್ತಡ, ಬಿಸಿ, ಲಕ್ಷಾಂತರ ವರ್ಷ. ಆದರೆ ನಿಮ್ಮ ಮರದ ಬಳಗಕ್ಕೆ ಅಂಬರ್ ಇತಿಹಾಸ ಇದೆ! ಸಾಲುಧೂಪ ಡಿಪ್ಟೆರೋಕಾರ್ಪ್ ಕುಟುಂಬದ್ದು. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ಅಂಬರ್ ಇದೇ ಕುಟುಂಬದ ಮರಗಳ ಮಡ್ಡಿ. ವಯಸ್ಸು 5 ಕೋಟಿ ವರ್ಷಕ್ಕಿಂತ ಜಾಸ್ತಿ. 2010ರಲ್ಲಿ ಮೊದಲ ದೊಡ್ಡ ವರದಿ ಬಂದಾಗಲೇ ಅದರಲ್ಲಿ 700ಕ್ಕೂ ಹೆಚ್ಚು ಸಂಧಿಪದಿಗಳು (ಕೀಟ, ಜೇಡ ಥರದವು), 55 ಕುಟುಂಬಗಳು ಇದ್ದವು. ಭಾರತ ತೇಲಿ ಬಂದು ಏಷ್ಯಾಕ್ಕೆ ಸೇರುವ ಆಸುಪಾಸಿನ ಕಾಲ. ಒಂಟಿ ದ್ವೀಪವಾಗಿದ್ದ ನೆಲದಲ್ಲಿ ಬೇರೆಲ್ಲೂ ಇಲ್ಲದ ಕೀಟಗಳೇ ಇರಬೇಕಿತ್ತು ಅಂತ ನಿರೀಕ್ಷೆ. ಸಿಕ್ಕವುಗಳಿಗೆ ಬೇರೆ ಖಂಡಗಳಲ್ಲೆಲ್ಲಾ ನೆಂಟರಿದ್ದರು.

ವಸ್ತಾನ್ ಅಂಬರಿನ ಇನ್ನೊಂದು ಗುಣ ನನಗೆ ಬಹಳ ಇಷ್ಟ. ಅದು ಪೂರ್ತಿ ಬಿಗಿದುಕೊಂಡಿಲ್ಲ, ಕೆಲವು ದ್ರಾವಕಗಳಲ್ಲಿ ಕರಗುತ್ತದೆ. ಹಾಗಾಗಿ ಸುತ್ತಲಿನ ಮಡ್ಡಿಯನ್ನು ಕರಗಿಸಿ ಹುಳುವನ್ನೇ ಹೊರಗೆ ತೆಗೆಯಬಹುದು. ಬೇರೆ ಬಹುತೇಕ ಅಂಬರಿನಲ್ಲಿ ಇದು ಸಾಧ್ಯವಿಲ್ಲ. ಮೇಲೆ ಹೇಳಿದ ತಿಕ್ಕುವ ಕಷ್ಟ ನೆನಪಿಸಿಕೊಳ್ಳಿ.

ನೀಲಿಶಾಯಿ

ಮತ್ತೆ ಸೈರೆನೋಬೆಥೈಲಸ್‌ಗೆ ಬರೋಣ. ಎಲ್ಲವೂ ಹೆಣ್ಣು ಅಂದಿರಿ. ಹಾಗಾದರೆ ಆ ಮುಚ್ಚಳ ಗಂಡನ್ನು ಹಿಡಿದುಕೊಳ್ಳುವುದಕ್ಕೆ ಇರಬಾರದಾ? ಗಂಡೇ ಸಿಗದೆ ಅದನ್ನು ಹೇಗೆ ತಳ್ಳಿಹಾಕಿದರು?

ಹಳೇಮೈಕ್ರೋಸ್ಕೋಪ್

ಪೂರ್ತಿ ತಳ್ಳಿಹಾಕಿಲ್ಲ. ಅವರೇ ಅದನ್ನು ಎತ್ತಿ ಚರ್ಚೆ ಮಾಡಿದ್ದಾರೆ. ಮೊಟ್ಟೆ ಇಡುವ ಅಂಗದ ಪಕ್ಕದಲ್ಲೇ ಈ ಉಪಕರಣ ಇರುವುದರಿಂದ, ಮತ್ತು ಸಂಬಂಧಿಗಳೆಲ್ಲಾ ಪರೋಪಜೀವಿಗಳಾದ್ದರಿಂದ, ಹೆಚ್ಚು ಹೊಂದುವುದು ಮೊಟ್ಟೆ ಇಡುವ ಊಹೆ. ಕೂದಲುಗಳು ಮುಟ್ಟಿದ್ದನ್ನು ತಿಳಿಸುತ್ತಿದ್ದಿರಬೇಕು. ಬೇಗ ಓಡುವ ಅಥವಾ ನೆಗೆಯುವ ಸಣ್ಣ ಜೀವಿಗಾಗಿ ಕಾದು ಕೂತಿರುತ್ತಿತ್ತು ಅಂತ ಊಹೆ. ಮುಚ್ಚಳದ ನಡುವೆ ಸಿಕ್ಕಿಕೊಂಡ ಕೀಟದ ಸಮೇತ ಒಂದು ಕಣಜ ಸಿಕ್ಕರೆ ಅರ್ಧ ವಾದ ಅಲ್ಲಿಗೆ ಮುಗಿಯುತ್ತದೆ. ಈ 16ರಲ್ಲಿ ಅಂಥದ್ದಿಲ್ಲ. ಗಂಡು ಸಿಕ್ಕಿ ಅದಕ್ಕೂ ಮುಚ್ಚಳ ಇದ್ದರೆ ಊಹೆಯೇ ಬದಲಾಗಬೇಕು.

ತೋಟದಮನೆ

ಸರಿ ಸರ್. ಮುಂದಿನ ಸಲ ಗೋನಿಯೋಜಸ್ ಟ್ಯೂಬ್ ಬಂದಾಗ ಲೆನ್ಸ್ ಹಿಡಿದು ಹೊಟ್ಟೆಯ ತುದಿ ನೋಡುತ್ತೇನೆ. ಮೀಸೆಯ ಗಿಣ್ಣು ಎಣಿಸಿದರೆ ಗಂಡು ಹೆಣ್ಣು ಗೊತ್ತಾಗುತ್ತದಾ? ಮಗಳು ಎಲ್ಲೋ ಓದಿದಳಂತೆ, ಗಂಡಿಗೆ 13, ಹೆಣ್ಣಿಗೆ 12 ಅಂತ.

ಹಳೇಮೈಕ್ರೋಸ್ಕೋಪ್

ಮಗಳು ಓದಿದ್ದು ಮನೆಯ ಸೂರಿಗೆ ಕಾಗದದ ಗೂಡು ಕಟ್ಟುವ ಕಣಜಗಳಿಗೆ ಸರಿ. ಬೆಥೈಲಿಡ್‌ಗಳಲ್ಲಿ ಸಾಮಾನ್ಯವಾಗಿ ಗಂಡಿಗೂ ಹೆಣ್ಣಿಗೂ ಒಂದೇ ಲೆಕ್ಕ, ಎಣಿಸಿ ಪ್ರಯೋಜನವಿಲ್ಲ. ಹೊಟ್ಟೆಯ ತುದಿ ನೋಡಿ, ಮುಳ್ಳು ಇದ್ದರೆ ಹೆಣ್ಣು. ಟ್ಯೂಬಿನ ಬಾಯಿಯ ಹತ್ತಿ ಮಾತ್ರ ತೆಗೆಯಬೇಡಿ, ಗಾಜಿನ ಹೊರಗಿನಿಂದಲೇ ನೋಡಿ. ಮರದ ಹತ್ತಿರ ಬಿಡಬೇಕಾದವು ಜಗಲಿಯಲ್ಲೇ ಹಾರಿ ಹೋದಾವು.

ತೋಟದಮನೆ

ಹತ್ತಿ ತೆಗೆಯುವುದು ಮಗಳ ಕೆಲಸ, ಅವಳಿಗೇ ಹೇಳಿ. ಫೋನಿಗೆ ಕ್ಲಿಪ್ ಹಾಕುವ ಲೆನ್ಸ್ ಇದೆ, ಫೋಟೋ ಬಂದರೆ ಇಲ್ಲೇ ಹಾಕುತ್ತೇನೆ.